ಎಲ್ಲ ಸಿದ್ಧವಾದ ಮೇಲೆ ಬರುವವನು

ಸತ್ತ ಗಂಡ ದಿನಾ ಬೆಳಿಗ್ಗೆ ‘ಉಂಡ್ಯಾ?’ ಅಂತ ಕೇಳುತ್ತಾನೆ ಎಂದರೆ ಊರವರು ಏನೆನ್ನುತ್ತಾರೆಂದು ರೇಖಾಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಮಾತು ಹುಟ್ಟಲು ಬೀಜ ಬೇಕಿಲ್ಲ, ಬೀಳು ಹೊಲದ ಕಸದ ಹಾಗೆ ತಾನೇ ಹುಟ್ಟುತ್ತದೆ. ಗಂಡ ಮಣ್ಣಾದ ತಿಂಗಳೊಳಗೇ ಅಂಗಡಿ ಬಾಗಿಲು ತೆಗೆದಳು ಅಂತ ಒಂದು ಮಾತು ಆಗಲೇ ಓಡಾಡುತ್ತಿತ್ತು. ತೆಗೆಯದೆ ಮನೆಯಲ್ಲಿ ಕೂತಿದ್ದರೆ ಅತ್ತೆಗೆ ಭಾರವಾದಳು ಅಂತ ಇನ್ನೊಂದು ಓಡಾಡುತ್ತಿತ್ತು. ಆಡುವವರ ಬಾಯಿಗೆ ಹೊಲಿಗೆ ಹಾಕಲಾದೀತೇ?

ಅಂಗಡಿ ಇದ್ದದ್ದು ಸ್ಟೇಷನ್ ರಸ್ತೆಯಲ್ಲಿ, ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ. ‘ದುರುಗಮ್ಮ ಕಂಪ್ಯೂಟರ್ಸ್’ ಅಂತ ಗಂಡ ಮಾರೇಶ ತನ್ನ ತಾಯಿಯ ಹೆಸರನ್ನೇ ಇಟ್ಟಿದ್ದ. ಫಲಿತಾಂಶ ನೋಡುವ ಹುಡುಗಿಯರು, ಅರ್ಜಿ ಟೈಪ್ ಮಾಡಿಸುವವರು, ದೂರದಲ್ಲಿರುವ ತಮ್ಮನ ಫೋಟೋ ತೆರೆಸಿ ಕಣ್ಣೊರೆಸಿಕೊಳ್ಳುವವರು, ಎಲ್ಲರೂ ಆ ಕಬ್ಬಿಣದ ಮೆಟ್ಟಿಲು ಹತ್ತಿ ಬರುತ್ತಿದ್ದರು. ಇಂಟರ್ನೆಟ್ ತೆರೆದ ಕೂಡಲೇ ಮೊದಲು ಕಾಣಲಿ ಅಂತ ಮಾರೇಶ ತಾನೇ ಒಂದು ಪುಟ ಬರೆದಿದ್ದ. ಹರಪನಹಳ್ಳಿ, ಕೊಟ್ಟೂರು, ಹಡಗಲಿ, ಕೂಡ್ಲಿಗಿ ಬಸ್ಸುಗಳ ವೇಳೆ, ಮೆಕ್ಕೆಜೋಳದ ದರ, ಮೂಲೆಯಲ್ಲೊಂದು ಸೂರ್ಯಕಾಂತಿಯ ಚಿತ್ರ. ಅಂಗಡಿಯ ಎಲ್ಲ ಯಂತ್ರಗಳಲ್ಲೂ ಅದೇ ಪುಟ.

ರೇಖಾ ಕೂರುವ ಯಂತ್ರದಲ್ಲಿ ಮಾತ್ರ ಇನ್ನೊಂದು ಸಂಗತಿ ಹೆಚ್ಚಿಗೆ ಇತ್ತು. ಪುಟದ ಎಲ್ಲ ಸಾಲುಗಳೂ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತ ಮೇಲೆ, ತಳದಲ್ಲಿ ಒಂದೇ ಒಂದು ಮಾತು ಮೆಲ್ಲಗೆ ಇಳಿದು ಬರುತ್ತಿತ್ತು. ‘ಉಂಡ್ಯಾ?’ ಆಗಿನ ಯಂತ್ರಗಳಲ್ಲಿ ಕನ್ನಡ ಒಂದರಲ್ಲಿ ಮೂಡಿದರೆ ಇನ್ನೊಂದರಲ್ಲಿ ಬರೀ ಚೌಕಗಳು. ಅದಕ್ಕೆ ಮಾರೇಶ ಆ ಮಾತನ್ನು ಮೌಸ್ ಹಿಡಿದು ತನ್ನ ಕೈಯಲ್ಲೇ ಬರೆದು ಚಿತ್ರ ಮಾಡಿದ್ದ. ಅಕ್ಷರ ಸೊಟ್ಟ, ಒತ್ತು ಇನ್ನೂ ಸೊಟ್ಟ. ಬೆಳಿಗ್ಗೆ ಉಪವಾಸವೇ ಅಂಗಡಿಗೆ ಓಡಿ ಬರುವ ಹೆಂಡತಿಯನ್ನು ಚುಡಾಯಿಸಲು ಮಾಡಿದ ಆಟ ಅದು.

ಆ ಆಟದ ಒಳಗುಟ್ಟನ್ನು ಅವನೇ ಅವಳಿಗೆ ಕಲಿಸಿದ್ದ. ದಾವಣಗೆರೆಯಲ್ಲಿ ಕೋರ್ಸ್ ಮುಗಿಸಿ ಬಂದವನು, ಬಿಡುವಾದಾಗಲೆಲ್ಲ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದ. ಒಂದು ಮಧ್ಯಾಹ್ನ ರೇಖಾ, ಆ ‘ಉಂಡ್ಯಾ?’ ಮೂಡಿಸಲು ಅವನು ಬರೆದಿದ್ದ ಕೋಡಿನ ಮೇಲೆ ಬೆರಳಿಟ್ಟಳು.

“ಇದೇನ್ರೀ ಇದು? ಡಾಲರ್ ಗುರ್ತು ಹಾಕೀರಿ, ಕಂಸ ತಗದೀರಿ, ಒಳಗ ಫಂಕ್ಷನ್ ಅಂತ ಬರದೀರಿ. ಬ್ಯಾರೇ ಫಂಕ್ಷನ್ನಿಗೆಲ್ಲ ಒಂದೊಂದು ಹೆಸರೈತಿ, ಹೆಸರು ಹಿಡದು ಕರದ್ರ ಬಂದು ತಮ್ಮ ಕೆಲಸ ಮಾಡ್ತಾವ. ಇದಕ್ಕ ಹೆಸರೇ ಇಲ್ಲ. ಯಾರು ಕರೀತಾರ ಇದನ್ನ?”

“ಯಾರೂ ಕರಿಯಂಗಿಲ್ಲ” ಅಂದ ಮಾರೇಶ. “ಅದು ಗಿಡ್ಡ ಮಾಡಿ ಬರಿಯೋ ರೀತಿ. ಉದ್ದಕ ಬರದ್ರ, ‘ಪುಟ ಪೂರಾ ತಯಾರಾಗಾತನ ಕಾಯಿ, ಆದಮ್ಯಾಲೆ ಈ ಕೆಲಸ ಮಾಡು’ ಅಂತ ಬರೀಬೇಕು. ಈ ಜೆಕ್ವೆರಿ ಅನ್ನೋ ತಯಾರು ಕೋಡು ಕಟ್ಟಿದೋರು ಸೋಮಾರಿಗಳು, ನನ್ನಂಗ. ಡಾಲರಿನ ಕಂಸದಾಗ ಬರೇ ಕೆಲಸ ಇಟ್ರ ಸಾಕು, ಕಾಯೋದನ್ನ ಅದೇ ತಿಳಕಂತೈತಿ.”

ರೇಖಾಳ ತಲೆಗೆ ಹತ್ತಲಿಲ್ಲ. ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು.

“ನೀನು ಯಾವತ್ತರ ನನ್ನ ಹೆಸರು ಹಿಡದು ಕರದೀಯೇನು? ಇಲ್ಲ. ಕುಂದ್ರಾಕ ಮಣಿ ಹಾಕ್ತಿ, ಉಣ್ಣಾಕ ಗಂಗಾಳ ಇಡ್ತಿ, ನೀರಿಡ್ತಿ. ನಾನು ಹೊರಗ ಕಟ್ಟಿ ಮ್ಯಾಲೆ ಕುಂತಿರ್ತೀನಿ. ಎಲ್ಲಾ ಇಟ್ಟಾದ ಮ್ಯಾಲೆ ನಾನಾಗೇ ಬಂದು ಕುಂದ್ರತೀನಿ. ಇಷ್ಟೇ ಇದು.”

“ಇಡೋದ್ರೊಳಗ ಹೆಸರು ಹಿಡದು ಕೂಗಿದ್ರ?”

“ಕೂಗಿದ್ರ ಬರಬೇಕಲ್ಲ ಮತ್ತ. ಬರ್ತೀನಿ, ನೋಡ್ತೀನಿ. ಮಣಿ ಇಲ್ಲ, ಗಂಗಾಳ ಇಲ್ಲ. ಹೊಳ್ಳಿ ಹೋಗ್ತೀನಿ” ಅಂದು ನಕ್ಕಿದ್ದ.

ಗಂಡನ ಹೆಸರು ಹೇಳಬಾರದು ಅಂತ ರೇಖಾಳಿಗೆ ಯಾರೂ ಹೊಡೆದು ಕಲಿಸಿರಲಿಲ್ಲ. ಪಿಯುಸಿ ಓದಿದವಳು, ಅರ್ಜಿಯಲ್ಲಿ ಬರೆಯುತ್ತಿದ್ದಳು, ಬಾಯಲ್ಲಿ ಮಾತ್ರ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ಓಣಿಯ ಹೆಂಗಸರು ಅಡ್ಡಗಟ್ಟಿ, ಗಂಡನ ಹೆಸರು ಸೇರಿಸಿ ಒಡಪಿನ ಪದ ಕಟ್ಟಿ ಹೇಳಿದರೇ ಒಳಗೆ ಬಿಡುವುದು ಎಂದಾಗ ಅವಳು ಅತ್ತೇಬಿಟ್ಟಿದ್ದಳು. ಅತ್ತೆ ದುರುಗಮ್ಮನೇ ಮುಂದೆ ಬಂದು, “ಬಿಡ್ರವ್ವಾ, ನಾಳಿ ಹೇಳ್ತಾಳ” ಅಂತ ಕೈಹಿಡಿದು ಒಳಗೆ ಕರೆದುಕೊಂಡಿದ್ದಳು. ಆ ನಾಳೆ ಬರಲೇ ಇಲ್ಲ. ‘ರೀ’ ಅಂದರೆ ಅವನು ತಿರುಗುತ್ತಿದ್ದ, ಇನ್ನು ಹೆಸರಿನ ಹಂಗೇಕೆ?

ಯುಗಾದಿಗೆ ಮುಂಚೆ ತಂಬ್ರಹಳ್ಳಿಗೆ ಯಾರದೋ ಪ್ರಿಂಟರ್ ರಿಪೇರಿಗೆ ಹೋದ ಮಾರೇಶ, ಬರುವಾಗ ಹಿಂಬದಿ ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರಿಗೆ ಬೈಕು ಗುದ್ದಿ ಸತ್ತ. ರೇಖಾ ಅಂಗಡಿ ತೆಗೆದ ದಿನ ಯಂತ್ರ ಹಚ್ಚಿ, ಯಾವುದೋ ಯೋಚನೆಯಲ್ಲಿ ಪುಟ ತೆರೆದಳು. ಬಸ್ಸಿನ ವೇಳೆ ಬಂತು, ದರ ಬಂತು, ಹೂವು ಬಂತು. ಆಮೇಲೆ ಸೊಟ್ಟ ಅಕ್ಷರ ಮೆಲ್ಲಗೆ ಇಳಿಯಿತು. ಮೊದಲ ದಿನ ಕಿರುಚಿ ಎದ್ದಳು. ಆಮೇಲಾಮೇಲೆ ಅದಕ್ಕಾಗಿಯೇ ಬೇಗ ಬರತೊಡಗಿದಳು. “ಉಂಡೀನ್ರೀ” ಅಂತ ಉತ್ತರವನ್ನೂ ಕೊಡತೊಡಗಿದಳು. ಹೆದರಿಕೆಗೂ ಪ್ರೀತಿಗೂ ನಡುವೆ ಗೋಡೆ ಎಷ್ಟು ತೆಳುವೆಂದು ಅನುಭವಿಸಿದವರಿಗೇ ಗೊತ್ತು.

ಹಿರಿಯರ ಹಬ್ಬ ಹತ್ತಿರ ಬಂತು. ಮಾರ್ನವಮಿ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುವ ಹಬ್ಬ. ದುರುಗಮ್ಮ ಜೋಳ ಹಸನು ಮಾಡುತ್ತಾ ಸೊಸೆಗೆ ಪದ್ಧತಿ ಹೇಳಿಕೊಟ್ಟಳು.

“ಮದಲು ಬಾಗಲದಾಗ ಹಿಟ್ಟಿನ ಮೊರ ಇಡಬೇಕು. ಹಿಟ್ಟು ತೆಳ್ಳಗ ಹರವಿರಬೇಕು, ನಾವು ದಾಟಿಕ್ಯಂತ ಓಡಾಡಬೇಕು. ಆಮ್ಯಾಲೆ ಮಣಿ, ಗಂಗಾಳ, ಅಡಿಗಿ, ಹೊಸ ಅಂಗಿ, ನೀರು. ಕಡೀಕ ದೀಪ. ದೀಪ ಹಚ್ಚಿ, ಬಾಗಲಾ ಮುಂದ ಮಾಡಿ ಎಲ್ಲಾರೂ ಹೊರಗ ಬಂದು ನಿಂದ್ರಬೇಕು. ಕರಿಯಂಗಿಲ್ಲ. ಎಲ್ಲಾ ತಯಾರಾತು ಅಂದ್ರ ಅವರಾಗೇ ಬರ್ತಾರ. ಬಂದ್ರೋ ಇಲ್ಲೋ, ಹಿಟ್ಟು ಹೇಳ್ತೈತಿ.”

“ಕರದ್ರ ಏನಾಕೈತ್ರಿ ಅತ್ತಿ?”

“ಬ್ಯಾಡವ್ವ. ಕರದು ಹಸಿವಿಲೆ ಕಳಸಬಾರದು.” ದುರುಗಮ್ಮ ಮೊರ ಕೆಳಗಿಟ್ಟಳು. “ಈ ವರ್ಸ ನನ ಮಗ ಒಬ್ಬನೇ ಬರ್ತಾನ, ಅವನು ಅವನಾಗೇ. ಈ ಎಡಿ ಉಂಡು ಹಿರೇರ ಜತಿ ಕೂಡ್ತಾನ. ಮುಂದಿನ ವರ್ಸದಿಂದ ಎಲ್ಲಾರಿಗೂ ಸೇರಿ ಒಂದೇ ಎಡಿ. ಅವರೊಳಗ ಇವನು ಯಾರು, ಅವರು ಯಾರು, ಯಾರಿಗೆ ಗೊತ್ತು?”

ಆ ಮಾತು ರೇಖಾಳ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಕೂತಿತು. ಇನ್ನೊಂದೇ ಸಲ. ಅವನು ಅವನಾಗಿ ಬಂದು ಅವಳ ಕೈಯಡಿಗೆ ಉಣ್ಣುವುದು ಇನ್ನೊಂದೇ ಸಲ. ಅಷ್ಟು ಸಿಕ್ಕರೆ ಸಾಕು, ಬೇರೇನೂ ಬೇಡ ಅಂದುಕೊಂಡಳು. ಆದರೆ ಬೇಡ ಎನ್ನುವ ಮನಸ್ಸೇ ಇನ್ನಷ್ಟು ಬೇಡುತ್ತದೆ. ಮರುದಿನ ಅಂಗಡಿಯಲ್ಲಿ ಕೂತಾಗ, ಆ ‘ಉಂಡ್ಯಾ?’ ಸಾಲು ಪುಟ ತೆರೆದಾಗ ಒಂದೇ ಸಲ ಬಂದು ಸುಮ್ಮನಾಗುವುದೇಕೆ, ತನಗೆ ಬೇಕಾದಾಗಲೆಲ್ಲ ಬರಬಾರದೇಕೆ ಅನ್ನಿಸಿತು. ಹೆಸರಿಲ್ಲದ್ದಕ್ಕೆ ಹೆಸರಿಟ್ಟರೆ ಬೇಕಾದಾಗ ಕರೆಯಬಹುದು, ಅಷ್ಟು ವಿದ್ಯೆ ಅವಳಿಗೆ ಬಂದಿತ್ತು.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಅವನು ಬರೆದದ್ದನ್ನು ತೆರೆದಳು. ಆ ಫಂಕ್ಷನ್ನನ್ನು ಡಾಲರಿನ ಕಂಸದಿಂದ ಎತ್ತಿ ಹೊರಗಿಟ್ಟು, ಅದಕ್ಕೊಂದು ಹೆಸರು ಕೊಟ್ಟಳು. ಯಾವ ಹೆಸರೆಂದು ಬೇರೆ ಹೇಳಬೇಕೇ? ನಾಲಿಗೆಗೆ ಬಾರದ್ದು ಬೆರಳಿಗೆ ಬಂತು. ಆಮೇಲೆ ಡಾಲರಿನ ಕಂಸದೊಳಗೆ ಆ ಹೆಸರನ್ನು ಬರೆದು, ಎಲ್ಲ ಫಂಕ್ಷನ್ನನ್ನೂ ಕರೆಯುವ ಹಾಗೆ ಹೆಸರಿನ ಮುಂದೊಂದು ಖಾಲಿ ಕಂಸವನ್ನೂ ಹಾಕಿ ಪುಟ ತೆರೆದಳು.

ಬಸ್ಸಿನ ವೇಳೆ ಬಂತು. ದರ ಬಂತು. ಹೂವು ಬಂತು. ಸಾಲು ಬರಲಿಲ್ಲ.

ಕಾದಳು. ಮತ್ತೆ ತೆರೆದಳು. ಇಲ್ಲ. ಯಂತ್ರ ತಪ್ಪಾಗಿದೆ ಅಂತ ದೂರೂ ಹೇಳಲಿಲ್ಲ, ಏನೂ ನಡೆದೇ ಇಲ್ಲ ಎಂಬಂತೆ ಸುಮ್ಮನಿತ್ತು. ತಳದ ಆ ಖಾಲಿ ಜಾಗ ನೋಡುತ್ತಿದ್ದರೆ, ಯಾರೋ ಈಗಷ್ಟೇ ಎದ್ದು ಹೋದ ಕುರ್ಚಿಯನ್ನು ನೋಡಿದ ಹಾಗಾಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಗಂಡನ ಪಾಠ ನೆನಪಿಗೆ ಬಂತು. ಖಾಲಿ ಕಂಸ ಹಾಕುವುದೆಂದರೆ ಕೂಗುವುದು. ಬರೀ ಹೆಸರಿಟ್ಟಿದ್ದರೆ, ಹೊತ್ತು ಬಂದಾಗ ಇವನು ಬರಲಿ ಅಂತ ಹೇಳಿಟ್ಟ ಹಾಗೆ. ಕಂಸ ಹಾಕಿದ್ದರಿಂದ ಈಗಿಂದೀಗ ಬಾ ಅಂತ ಕೂಗಿದ ಹಾಗಾಗಿತ್ತು. ಅದು ಕೂಗಿದ ಕೂಡಲೇ ಬಂದಿದೆ. ಆಗಿನ್ನೂ ಪುಟದಲ್ಲಿ ಒಂದು ಸಾಲೂ ಇಲ್ಲ, ಕೂರುವ ಜಾಗವೂ ಇಲ್ಲ. ಹೊಳ್ಳಿ ಹೋಗಿದೆ. ಎಲ್ಲ ಸಿದ್ಧವಾದಾಗ ಬರಲು ಯಾರೂ ಉಳಿದಿಲ್ಲ.

ಆ ಕಂಸ ಅಳಿಸಿದಳು. ಪುಟ ತೆರೆದಳು. ಸಾಲು ಮೆಲ್ಲಗೆ ಇಳಿದು ಬಂತು. ಅವತ್ತು ರೇಖಾ ಮೇಜಿಗೆ ಹಣೆ ಹಚ್ಚಿ ಅತ್ತಳು, ಮತ್ತು ಆ ಪಾಠವನ್ನು ಇನ್ನು ಜನ್ಮದಲ್ಲಿ ಮರೆಯುವುದಿಲ್ಲ ಅಂದುಕೊಂಡಳು.

ಹಬ್ಬದ ದಿನ ಹೊತ್ತು ಇಳಿಯುವವರೆಗೂ ಅಡುಗೆ ನಡೆಯಿತು. ಜೋಳದ ರೊಟ್ಟಿ, ಕೋಳಿ ಸಾರು, ಶೇಂಗಾ ಚಟ್ನಿ, ಅವನಿಗೆ ಜೀವವಾಗಿದ್ದ ಮಂಡಕ್ಕಿ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜಿ. ದುರುಗಮ್ಮನ ತಮ್ಮ ಸುಂಕಪ್ಪ ಬೆಳಿಗ್ಗೆಯೇ ಬಂದಿದ್ದ. ಬಾಗಿಲಲ್ಲಿ ಹಿಟ್ಟಿನ ಮೊರ ಇಟ್ಟಾಯಿತು. ಧೂಪಕ್ಕೆ ಲೋಬಾನ ತರಲು ಸುಂಕಪ್ಪ ಅಂಗಡಿಗೆ ಹೋದ. ಎಡೆಯ ನೀರನ್ನು ಯಾರ ಜೊತೆಯೂ ಮಾತಾಡದೆ ತರಬೇಕು. ಅದಕ್ಕೆ ದುರುಗಮ್ಮ ತಾನೇ ಬಿಂದಿಗೆ ಹಿಡಿದು ನೀರಿನ ಟ್ಯಾಂಕಿನತ್ತ ನಡೆದಳು. ಓಣಿಯವರೆಲ್ಲ ಅವರವರ ಎಡೆಯ ಗಡಿಬಿಡಿಯಲ್ಲಿ ಒಳಗಿದ್ದರು. ಮನೆಯಲ್ಲಿ ರೇಖಾ ಒಬ್ಬಳೇ ಉಳಿದಳು.

ಗಂಗಾಳ ಒರೆಸಿ ಕೈಯಲ್ಲಿ ಹಿಡಿದಿದ್ದಳು. ಆಗ ಓಣಿಯಲ್ಲಿ ಚಪ್ಪಲಿ ಸದ್ದು ಕೇಳಿತು.

ಮಾರೇಶನಿಗೊಂದು ಚಟವಿತ್ತು, ಎಡಗಾಲಿನ ಚಪ್ಪಲಿಯನ್ನು ಎಳೆದು ಹಾಕುತ್ತಿದ್ದ. ಒಂದು ಹೆಜ್ಜೆ ಸರಿಯಾಗಿ, ಒಂದು ಹೆಜ್ಜೆ ಸರಕ್ ಅಂತ. “ಎತ್ತಿ ಹಾಕ್ರಿ ಕಾಲು, ಚಪ್ಪಲಿ ಸವೀತೈತಿ” ಅಂತ ಎಷ್ಟು ಸಲ ಬೈದಿದ್ದಳೋ. ಅದೇ ಸದ್ದು. ಅದು ಓಣಿಯ ತಿರುವಿನಿಂದ ಬಂತು, ಕಟ್ಟೆಯ ಹತ್ತಿರ ಬಂತು, ನಿಂತಿತು. ಕಟ್ಟೆಯ ಮೇಲಿನ ಸಡಿಲ ಕಲ್ಲು, ಯಾರೋ ಕೂತಾಗ ಆಗುವಂತೆ ಕಟ್ ಎಂದಿತು.

ರೇಖಾ ಗಂಗಾಳವನ್ನು ಎದೆಗೆ ಒತ್ತಿಕೊಂಡಳು. ಅವನು ಕಾಯುತ್ತಿದ್ದಾನೆ. ದಿನಾ ಕೂತಿರುತ್ತಿದ್ದ ಜಾಗದಲ್ಲೇ ಕೂತು, ಎಲ್ಲ ಇಡುವುದನ್ನೇ ಕಾಯುತ್ತಿದ್ದಾನೆ. ಇನ್ನೇನು ಅತ್ತೆ ನೀರು ತರುತ್ತಾಳೆ, ಮಣೆ ಹಾಕಿ ದೀಪ ಹಚ್ಚಿದರೆ ಮುಗಿಯಿತು, ಬರುತ್ತಾನೆ, ಉಣ್ಣುತ್ತಾನೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಆದರೆ ದೀಪ ಹಚ್ಚಿದ ಮೇಲೆ ಬಾಗಿಲು ಮುಂದೆ ಮಾಡಿ ತಾನು ಹೊರಗೆ ನಿಲ್ಲಬೇಕು. ಅವನು ಒಳಗೆ, ತಾನು ಹೊರಗೆ. ಉಂಡು ಎದ್ದವನು ಹಿರಿಯರ ಗುಂಪಿಗೆ ಸೇರಿ, ಹೆಸರಿಲ್ಲದವನಾಗಿ ಹೋಗಿಬಿಡುತ್ತಾನೆ. ನಡುವೆ ಇರುವುದು ಇದಿಷ್ಟೇ ಹೊತ್ತು, ಇದೊಂದೇ ಗೋಡೆ.

“ರೀ” ಅಂದಳು, ಉಸಿರಿನಲ್ಲೇ. ಕಲ್ಲು ಕದಲಲಿಲ್ಲ. ಓಣಿಯ ಹೆಂಗಸರೆಲ್ಲ ಗಂಡಂದಿರನ್ನು ಕರೆಯುವುದು ಹಾಗೇ ಅಲ್ಲವೇ, ಸತ್ತವನಿಗೆ ಅದು ತನ್ನನ್ನೇ ಅಂತ ಹೇಗೆ ತಿಳಿಯಬೇಕು? ಹಾಗಂತ ಅನ್ನಿಸಿದ್ದೇ ತಡ, ಹೊಸ್ತಿಲಲ್ಲಿ ಅಂದು ಉಳಿಸಿಕೊಂಡಿದ್ದ ಮಾತು ತಾನಾಗಿ ಬಾಯಿಂದ ಬಿತ್ತು.

“ಮಾರೇಶ...”

ಕಲ್ಲು ಕಟ್ ಎಂದಿತು. ಒಂದು ಸರಿಯಾಗಿ, ಒಂದು ಸರಕ್ ಅಂತ, ಎರಡೇ ಹೆಜ್ಜೆಗೆ ಸದ್ದು ಬಾಗಿಲಿಗೆ ಬಂತು. ಎಷ್ಟು ಬೇಗ ಬಂದ! ಬದುಕಿದ್ದಾಗಲೂ ಇಷ್ಟು ಬೇಗ ಬಂದವನಲ್ಲ. ಮೊರದಲ್ಲಿ ಹಿಟ್ಟು ಮೆಲ್ಲಗೆ ಕುಸಿದ ಸದ್ದಾಯಿತು. ಅವಳ ಕತ್ತಿನ ಹಿಂದೆ, ಮಣ್ಣಿನ ಕೊಡದ ಪಕ್ಕ ನಿಂತಾಗ ತಾಗುವಂಥ ತಂಪು ತಾಗಿತು. ಕೊಬ್ಬರಿ ಎಣ್ಣೆಯ ವಾಸನೆ ಬಂತು. ತಿರುಗಿ ನೋಡುವ ಧೈರ್ಯವಿಲ್ಲದೆ ಅವಳು ಮುಂದೆಯೇ ನೋಡಿದಳು. ಮಣೆ ಇನ್ನೂ ಗೋಡೆಗೆ ಒರಗಿತ್ತು. ನೀರಿಲ್ಲ. ದೀಪವಿಲ್ಲ. ಗಂಗಾಳ ತನ್ನ ಕೈಯಲ್ಲೇ ಇತ್ತು.

ಆಗ ಅವಳಿಗೆ ತಾನೇನು ಮಾಡಿದೆನೆಂದು ತಿಳಿಯಿತು.

“ಇರ್ರಿ, ಇರ್ರಿ, ಈಗ ಹಾಕ್ತೀನಿ” ಅನ್ನುತ್ತಾ ಮಣೆ ಎಳೆದಳು, ಗಂಗಾಳ ಇಟ್ಟಳು, ರೊಟ್ಟಿ ಎತ್ತಲು ಹೋಗಿ ಬೀಳಿಸಿದಳು, ಬಿಸಿ ಸಾರು ಕೈಮೇಲೆ ಚೆಲ್ಲಿತು. ಹಿಂದೆ ಹಿಟ್ಟು ಇನ್ನೊಮ್ಮೆ ಕುಸಿಯಿತು. ತಂಪು ಬಿಟ್ಟುಹೋಯಿತು. ಸದ್ದು ಕಟ್ಟೆ ದಾಟಿತು, ಓಣಿ ದಾಟಿತು, ಅವಸರವಿಲ್ಲದೆ, ಒಂದು ಹೆಜ್ಜೆ ಸರಿಯಾಗಿ, ಒಂದು ಹೆಜ್ಜೆ ಸರಕ್ ಅಂತ. ಮೊರದಲ್ಲಿ ಒಂದು ಹೆಜ್ಜೆ ಒಳಮುಖವಾಗಿತ್ತು. ಅದರ ಮೇಲೇ ಇನ್ನೊಂದು, ಹೊರಮುಖವಾಗಿತ್ತು.

ದುರುಗಮ್ಮನ ಬಿಂದಿಗೆಯ ನೀರು ತುಳುಕುವ ಸದ್ದು ಕೇಳಿದಾಗ ರೇಖಾ ಹೆದರಿ ಮೊರ ಅಲ್ಲಾಡಿಸಿ ಹಿಟ್ಟು ಸಮ ಮಾಡಿಬಿಟ್ಟಳು. ಆಮೇಲೆ ಎಲ್ಲವೂ ಪದ್ಧತಿಯಂತೆ ನಡೆಯಿತು. ನೀರಿಟ್ಟರು, ಅಂಗಿ ಇಟ್ಟರು, ಲೋಬಾನ ಹಾಕಿದರು, ದೀಪ ಹಚ್ಚಿದರು. ಬಾಗಿಲು ಮುಂದೆ ಮಾಡಿ ಮೂವರೂ ಹೊರಗೆ ನಿಂತರು. ಓಣಿಯಲ್ಲಿ ಯಾವ ಸದ್ದೂ ಇರಲಿಲ್ಲ. ಕತ್ತಲಾಗುತ್ತಾ ಬಂದಾಗ ಸುಂಕಪ್ಪ ಕೆಮ್ಮಿ ಬಾಗಿಲು ತಳ್ಳಿದ. ದೀಪ ಅಲುಗದೆ ನೆಟ್ಟಗೆ ಉರಿಯುತ್ತಿತ್ತು. ನೀರು ಇಟ್ಟಷ್ಟೇ ಇತ್ತು. ಹಿಟ್ಟಿನ ಮೇಲೆ ಇರುವೆ ಹರಿದ ಗುರುತೂ ಇರಲಿಲ್ಲ.

ದುರುಗಮ್ಮ ಮೊರದ ಮುಂದೆ ಕುಕ್ಕರಿಸಿದಳು. “ಬರಲಿಲ್ಲಲ್ಲೋ ಸುಂಕ. ನನ ಮಗ ಬರಲಿಲ್ಲಲ್ಲೋ. ಏನು ತೆಪ್ಪಾತೋ ನಮ್ಮಿಂದ, ಎದರಾಗ ಕಡಿಮಿ ಮಾಡಿದ್ವೋ...”

ಆ ಅಳು ಕೇಳಿ ಸುಮ್ಮನಿರುವುದು ರೇಖಾಳಿಂದ ಆಗಲಿಲ್ಲ. “ಬಂದಿದ್ರು ಅತ್ತಿ” ಅಂದಳು.

ದುರುಗಮ್ಮ ಅಳು ನಿಲ್ಲಿಸಿ ತಲೆಯೆತ್ತಿದಳು. ಸೊಸೆಯ ಮುಖ, ಸುಟ್ಟ ಕೈ, ಮೊರದ ಅಂಚಿನಿಂದ ಚೆಲ್ಲಿದ್ದ ಹಿಟ್ಟು, ಎಲ್ಲವನ್ನೂ ನೋಡಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಒಂದೇ ಮಾತು ಕೇಳಿದಳು.

“ಉಂಡ್ನೇನಬೇ?”

ರೇಖಾ ಇಲ್ಲವೆಂದು ತಲೆಯಾಡಿಸಿದಳು. ದುರುಗಮ್ಮ ಎದ್ದು, ಗಂಗಾಳದಲ್ಲಿದ್ದುದನ್ನೆಲ್ಲ ಒಂದು ಬುಟ್ಟಿಗೆ ಸುರಿದು, ಹಿತ್ತಿಲ ಗೋಡೆಯ ಮೇಲೆ ಕಾಗೆಗೆ ಇಟ್ಟು ಬಂದಳು.

ಮರುದಿನ ರೇಖಾ ಅಂಗಡಿಗೆ ಹೋದಳು. ಇನ್ನು ಆ ಸಾಲು ಬರುವುದಿಲ್ಲ ಅಂತ ದಾರಿಯುದ್ದಕ್ಕೂ ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದಳು. ಬಾರದಿರಲಿ, ಅದೇ ತನಗೆ ತಕ್ಕ ಶಿಕ್ಷೆ ಅಂತಲೂ ಅಂದುಕೊಂಡಿದ್ದಳು. ಯಂತ್ರ ಹಚ್ಚಿ ಪುಟ ತೆರೆದಳು. ಬಸ್ಸಿನ ವೇಳೆ ಬಂತು. ದರ ಬಂತು. ಹೂವು ಬಂತು.

ಎಲ್ಲ ಬಂದು ಕೂತ ಮೇಲೆ ತಳದಲ್ಲಿ ಸೊಟ್ಟ ಅಕ್ಷರ ಎಂದಿನಂತೆ ಮೆಲ್ಲಗೆ ಇಳಿಯಿತು.

‘ಉಂಡ್ಯಾ?’

“ನೀವು ಉಣಲಿಲ್ಲಲ್ರೀ” ಅಂದಳು ರೇಖಾ, ಹೆಸರು ಹಿಡಿಯದೆ. ಅವತ್ತು ಮಧ್ಯಾಹ್ನ ಅವಳು ಬುತ್ತಿ ಬಿಚ್ಚಲಿಲ್ಲ.